ಗುಂಡಿಗೆ ಸುರಿದ ಸಂತ್ರಾ ಸಿಪ್ಪೆ

ಲಕ್ಷ್ಮೀಕಾಂತ ಮೆಟ್ಟಿಲು ಹತ್ತಿ ಬಂದರೆ ತುಂಗಾ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಕೊಳೆತ ಎಲೆಕೋಸು, ಹಳಸಿದ ಅನ್ನ, ಸೆಗಣಿ ಮೂರೂ ಕೂಡಿದ ನಾತ ಅವನಿಗಿಂತ ಮೊದಲೇ ಬಾಗಿಲಿಗೆ ಬರುತ್ತಿತ್ತು.

ಪ್ರತಾಪ ನಗರದ ತುಂಗಾಳ ಮನೆಸಾಲಿನ ಹಿಂದೆ, ಹುಬ್ಬಳ್ಳಿಯಿಂದ ವರ್ಗವಾಗಿ ಬಂದ ಈ ರೈಲ್ವೆ ಇಂಜಿನಿಯರು ಗ್ಯಾಸಿನ ಗುಂಡಿ ಕಟ್ಟಿಸಿದ್ದ. ಮನೆಮನೆಯ ಕಸ ಅದರಲ್ಲಿ ಕೊಳೆತು, ಗ್ಯಾಸಾಗಿ, ಪೈಪಿನಲ್ಲಿ ಒಲೆಗಳಿಗೆ ಬರುತ್ತಿತ್ತು. ಸೀಮೆಎಣ್ಣೆಗೆ ಸಾಲು ನಿಲ್ಲುವುದು ತಪ್ಪಿತ್ತು. ಬೀದಿಯ ಮೂಲೆಯಲ್ಲಿ ಸದಾ ಹೊಗೆಯಾಡುತ್ತಿದ್ದ ತಿಪ್ಪೆ ಕರಗಿತ್ತು. ಆದರೂ ಆ ಉರಿಯಲ್ಲಿ ಕಾಸಿದ ಚಹಾವನ್ನು ತುಂಗಾ ಮೂಗು ಹಿಡಿದೇ ಕುಡಿಯುತ್ತಿದ್ದಳು.

ತೊಂದರೆಯೆಂದರೆ, ಮನುಷ್ಯ ಒಳ್ಳೆಯವನು. ಮೊಣಕಾಲು ನೋವಿನ ಅವಳ ಅವ್ವನ ಕಸದ ಬಕೆಟ್ಟನ್ನು ತಾನೇ ಒಯ್ದು, ತೊಳೆದು, ಬಾಗಿಲಲ್ಲಿ ಬೋರಲು ಹಾಕಿ ಹೋಗುತ್ತಿದ್ದ. ಹೋಗುವಾಗ ಒಮ್ಮೆ ತಿರುಗಿ ನೋಡುತ್ತಿದ್ದ. ಆ ನೋಟ ಅವಳಿಗೆ ಬೇಕಿತ್ತು, ವಾಸನೆ ಬೇಡವಾಗಿತ್ತು.

ಸಂತ್ರಾ ಸುಗ್ಗಿ ಬಂತು. ಕಿತ್ತಳೆಯ ಘಮಕ್ಕೆ ನಾತ ಅಡಗೀತೆಂದು, ತುಂಗಾ ಜ್ಯೂಸಿನ ಅಂಗಡಿಯಿಂದ ಚೀಲಗಟ್ಟಲೆ ಸಿಪ್ಪೆ ತರಿಸಿ ಗುಂಡಿಗೆ ಸುರಿದಳು.

ವಾರದೊಳಗೆ ಒಲೆಗಳು ಆರಿದವು. ಸಿಪ್ಪೆಯ ಹುಳಿಗೆ ಗುಂಡಿ ಕೆಟ್ಟು ಗ್ಯಾಸು ನಿಂತಿತು, ನಾತ ಇಮ್ಮಡಿಯಾಯಿತು. ಹೋಳಿ ಹಬ್ಬದೊಳಗೆ ಒಲೆ ಉರಿಯದಿದ್ದರೆ ಗುಂಡಿಗೆ ಮಣ್ಣು ಹಾಕಿ ಮುಚ್ಚುವುದೆಂದು ನೆರೆಯವರು ಹೇಳಿಬಿಟ್ಟರು. ಮುಚ್ಚಿದರೆ ತಾನು ವರ್ಗ ಮಾಡಿಸಿಕೊಂಡು ಊರಿಗೆ ಹೋಗುವೆನೆಂದು ಲಕ್ಷ್ಮೀಕಾಂತ ಅವ್ವನ ಮುಂದೆ ಹೇಳಿದ. ಸಿಪ್ಪೆ ತರಿಸಿದವರು ಯಾರೆಂದು ಜ್ಯೂಸಿನವನಿಂದ ಅವನಿಗೆ ಗೊತ್ತಾಗಿತ್ತು. ಆದರೂ ಯಾರ ಮುಂದೂ ಅವಳ ಹೆಸರೆತ್ತಲಿಲ್ಲ.

ಮರುಬೆಳಿಗ್ಗೆ ತುಂಗಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಂಡಿಯ ಬಳಿಗೆ ಬಂದಳು. ಮೊಣಕೈವರೆಗೆ ಕೈಯಿಳಿಸಿ ಲೋಳೆಗಟ್ಟಿದ ಸಿಪ್ಪೆ ತೆಗೆದಳು. ಬೆರಳ ಸಂದಿಯಲ್ಲಿ ಹುಳು ಮಿಸುಕಿತು. ವಾಂತಿಯಾಯಿತು. ಅಲ್ಲೇ ಗುಂಡಿ ಕೆದಕುತ್ತಿದ್ದ ಲಕ್ಷ್ಮೀಕಾಂತ ತಂಬಿಗೆ ನೀರಿಟ್ಟು, ಅವಳಿಗೆ ಸಂಕೋಚವಾಗದಿರಲೆಂದು ಬೆನ್ನು ತಿರುಗಿಸಿ ನಿಂತ. ಆಮೇಲೆ ದಿನವೂ ಇಬ್ಬರೂ ಗುಂಡಿಯ ಹುಳಿ ಮುರಿಯಲು ಸುಣ್ಣ, ಹಸಿ ಸೆಗಣಿ ಕಲಸಿ ಹಾಕಿದರು.

ಹೋಳಿಯ ಹಿಂದಿನ ಸಂಜೆ, ಒಲೆ ಹತ್ತಿತೆಂದು ಅವ್ವ ಕಿಟಕಿಯಿಂದ ಕೂಗಿ ಹೇಳಿದಳು.

ಲಕ್ಷ್ಮೀಕಾಂತ ಸೆಗಣಿ ಕಲಸುತ್ತಲೇ ಹೇಳಿದ, "ತುಂಗಾ, ಮೊದಲ ಹೇಳಿಬಿಡ್ತೇನ್ರಿ. ಮದುವಿ ಆದ್ರೂ ಈ ನಾತ ಹೋಗೂದಿಲ್ಲ."

ಅವಳು ತನ್ನ ತೋಳನ್ನೇ ಮೂಸಿ ನೋಡಿಕೊಂಡಳು. "ಈಗ ನಾನೂ ನಾರಾಕತ್ತೇನಿ. ನೀವು ಒಲ್ಲೆ ಅಂದ್ರ ನನ್ನ ಯಾರ್ ಮಾಡ್ಕೋತಾರ?"

"ಒಲ್ಲೆ ಅಂದಾವ್ರು ಯಾರು?"

ಅವನ ಲೋಳೆಗೈ ಅವಳ ಲೋಳೆಗೈಯನ್ನು ಹಿಡಿಯಿತು. ತುಂಗಾಳಿಗೆ ಮತ್ತೆ ಓಕರಿಕೆ ಬಂತು. ಕೈಯನ್ನು ಮಾತ್ರ ಬಿಡಲಿಲ್ಲ.