ಸೋಮಿಬಾಯಿಯ ತೋಳಿಗೆ ಕಟ್ಟಿದ ಪಟ್ಟಿ

“ನಿದ್ದೆಯಲ್ಲೂ ನಿಮ್ಮ ಬಿಪಿ ಇಳಿದಿಲ್ಲ. ಇವತ್ತೇ ಮಾತ್ರೆ ಶುರು ಮಾಡಿ,” ಎಂದರು ಡಾಕ್ಟರು. ರೂಪಲಪ್ಪ ತನ್ನ ತೋಳು ನೋಡಿಕೊಂಡ. ಆ ಬಿಪಿ ಅವನದಾಗಿರಲಿಲ್ಲ.

ಅವನು ಗೋವಾದ ವೆರ್ಣಾದಲ್ಲಿ ಫ್ಯಾಕ್ಟರಿಯೊಂದರ ಗೇಟ್ ವಾಚ್‌ಮನ್. ಅರವತ್ತು ದಾಟಿದವರು ಎಷ್ಟೇ ಗಟ್ಟಿಮುಟ್ಟಾಗಿರಲಿ, ಇಪ್ಪತ್ನಾಲ್ಕು ತಾಸು ತೋಳಿಗೆ ಬಿಪಿ ಮಷಿನ್ ಕಟ್ಟಿಕೊಂಡು ಪಾಸಾದರಷ್ಟೇ ಅಲ್ಲಿ ಕೆಲಸ, ಇಲ್ಲವಾದರೆ ಮಾತ್ರೆ ನುಂಗಿ ಬಿಪಿ ಇಳಿಸಿಕೊಳ್ಳಬೇಕು. ಅರ್ಧ ತಾಸಿಗೊಮ್ಮೆ ಪಟ್ಟಿ ಗುರ್ರೆಂದು ಉಬ್ಬಿ ತೋಳು ಹಿಂಡುತ್ತದೆ. ಡಾಕ್ಟರನ್ನು ಕಂಡರೇ ಬೆವರುವ ನಮ್ಮ ರೂಪಲಪ್ಪ, ನರ್ಸ್ ಕಟ್ಟಿದ್ದನ್ನು ಗೇಟಿಗೆ ಬಂದೊಡನೆ ಬಿಚ್ಚಿ, ಎದುರಿನ ಚಹಾಗಾಡಿಯ ಸೋಮಿಬಾಯಿಯ ತೋಳಿಗೆ ಕಟ್ಟಿದ್ದ. ಗಂಡ ಸತ್ತ ಮೇಲೆ ಹತ್ತು ವರ್ಷದಿಂದ ಒಬ್ಬಳೇ ಗಾಡಿ ತಳ್ಳುವ ಹೆಂಗಸು, ಅವಳಿಗೆಂಥ ಬಿಪಿ ಅಂದುಕೊಂಡಿದ್ದ. ಕಟ್ಟುವಾಗ ಅವಳು ತಲೆ ತಗ್ಗಿಸಿ ನಕ್ಕಿದ್ದಳು. ಮರುದಿನ ಅದನ್ನು ಬಿಚ್ಚಿ ತಂದು, ತನ್ನದೇ ಎಂಬಂತೆ ಒಪ್ಪಿಸಿದ್ದ.

ಈಗ ಸುಮ್ಮನಿದ್ದು ಮಾತ್ರೆ ಒಪ್ಪಿಕೊಂಡರೆ ಕೆಲಸವೇನೋ ಉಳಿದೀತು. ಆದರೆ ಅವಳ ಕಾಯಿಲೆಗೆ ಇವನು ಮಾತ್ರೆ ನುಂಗುತ್ತ ಕೂರಬೇಕೇ? ಅವಳಿಗೆ ಮಾತ್ರೆ ಕೊಡುವವರು ಯಾರು?

“ಸಾಹೇಬ್ರ, ತಪ್ಪಾತ್ರಿ. ಆ ತೋಳು ನಂದಲ್ರಿ.”

ಮಧ್ಯಾಹ್ನದೊಳಗೆ ಆಫೀಸಿನವರು ಯೂನಿಫಾರ್ಮ್ ಬಿಚ್ಚಿಸಿಕೊಂಡರು. ಅವನು ನೇರ ಗಾಡಿಗೆ ಬಂದ.

“ಬಾಯಾರ, ನಿಮಗ ಬಿಪಿ ಐತ್ರಿ. ಡಾಕ್ಟ್ರು ನಾಳಿ ದವಾಖಾನಿಗೆ ಕರ್ಕೊಂಡ್ ಬಾ ಅಂದಾರ.”

ಚಹಾ ಸೋಸುತ್ತಿದ್ದ ಕೈ ನಿಂತಿತು. “ನಿಮ್ಮ ಯೂನಿಫಾರ್ಮ್ ಎಲ್ರಿ?”

“ಖರೇ ಹೇಳಿದೆ. ಕೆಲಸ ಹೋತು.”

“ಅಯ್ಯ, ನನ್ನ ಬಾಯಾಗ ಮಣ್ಣ ಬೀಳ್ಲಿ!” ಸೋಮಿಬಾಯಿಯ ಕಣ್ಣು ತುಂಬಿತು. “ನನಗ ಗೊತ್ತಿತ್ರಿ. ಎರಡು ವರ್ಷದ ಹಿಂದನ ಮಾತ್ರಿ ಕೊಟ್ಟಿದ್ರು. ನಾನ ಬಿಟ್ಟಬಿಟ್ಟೆ.”

“ಮತ್ತ ಅವತ್ತ್ಯಾಕ ಹೇಳ್ಲಿಲ್ರಿ?”

“ನೀವು ನನ್ನ ಕೈ ಹಿಡದಿದ್ರಿ. ಹೇಳಿದ್ರ ಬಿಟ್ಟಬಿಡ್ತಿದ್ರಿ.”

ರೂಪಲಪ್ಪನಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ನಾಚಿಕೆ. ದಿನಕ್ಕೆ ನಾಲ್ಕು ಸಲ ಚಹಾ ಕುಡಿದರೂ ಒಮ್ಮೆಯೂ ‘ಆರಾಮಿದ್ದೀರೇನ್ರಿ’ ಅಂತ ಕೇಳಿರಲಿಲ್ಲ.

“ತಪ್ಪು ನಂದ, ಬಾಯಾರ.”

“ನಂದೂ ಐತ್ರಿ.” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ನಾಳಿಂದ ಯಾವ ನೆವ ತೊಗೊಂಡು ಈ ಕಡೆ ಬರ್ತೀರಿ?”

“ನೆವ ಇನ್ನ ಬ್ಯಾಡ್ರಿ. ನಿಮ್ಮ ಸಲುವಾಗಿ ಬರ್ತೇನಿ. ನನಗ ನೀವು ಬೇಕ್ರಿ.”

“ಇಷ್ಟ್ ಹೇಳಾಕ ಕೆಲಸ ಕಳಕೋಬೇಕಿತ್ತೇನ್ರಿ?” ಅಳುತ್ತಲೇ ಬೈದಳು ಸೋಮಿಬಾಯಿ. ಆಮೇಲೆ ತನ್ನ ಬೆಂಚಿನ ಮೇಲಿದ್ದ ಗ್ಲಾಸುಗಳನ್ನು ಒಂದೊಂದಾಗಿ ಕೆಳಗಿಟ್ಟು, ಅವನಿಗೆ ಕೂರಲು ಜಾಗ ಮಾಡಿದಳು.