ಐವತ್ತೆರಡು ಗುಲಾಬಿ ಚೀಟಿ

ಹದಿನಾಲ್ಕನೇ ತಾರೀಕು, ಬುಧವಾರ ಬೆಳಿಗ್ಗೆ 9.40ಕ್ಕೆ ಶಾಲೆಯ ಸಂಗೀತ ಟೀಚರ್ ಠಾಣೆಗೆ ಬಂದು ಕಳ್ಳತನವಾಗಿದೆ ಎಂದರು. ಜೊತೆಯಲ್ಲಿ ಹೆಡ್‌ಮಿಸ್ ಇದ್ದರು. ಇಬ್ಬರೂ ಒಂದೇ ಆಟೋದಲ್ಲಿ ಬಂದಿದ್ದರೂ ಬೆಂಚಿನ ಎರಡು ತುದಿಯಲ್ಲಿ ಕುಳಿತರು. ಇನ್‌ಸ್ಪೆಕ್ಟರ್ ಮೊದಲು ಗಮನಿಸಿದ್ದು ಅದನ್ನೇ.

"ಏನು ಹೋಗಿದೆ?"

"ಕಾಗದ, ಸರ್."

"ಎಂಥ ಕಾಗದ? ಆಸ್ತಿ ಪತ್ರಾನಾ?"

"ಸೋಪಿನ ಆರ್ಡರ್ ಚೀಟಿಗಳು."

ಪಕ್ಕದ ಮೇಜಿನಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ಕೆಮ್ಮಿ ನಗು ಮುಚ್ಚಿಕೊಂಡ. ಇವನಿಗೆ ಠಾಣೆಯಲ್ಲಿ 'ಎಕ್ಸ್‌ಪ್ರೆಸ್' ಎಂದು ಹೆಸರು. ಹತ್ತು ಹೆಜ್ಜೆ ನಡೆಯುವುದಕ್ಕೆ ಇವನು ತೆಗೆದುಕೊಳ್ಳುವ ಸಮಯ ನೋಡಿ ಯಾರೋ ಪುಣ್ಯಾತ್ಮರು ಇಟ್ಟದ್ದು.

ಟೀಚರ್ ನಗಲಿಲ್ಲ. ಶಾಲೆಯ ಬ್ಯಾಂಡ್ ತಂಡದಲ್ಲಿ ಮೂವತ್ತನಾಲ್ಕು ಮಕ್ಕಳು. ಡ್ರಮ್ಮಿನ ಚರ್ಮ ಹರಿದಿದೆ, ಎರಡು ಕಹಳೆ ಊದಿದರೆ ಗಾಳಿ ಮಾತ್ರ ಬರುತ್ತದೆ. ಹೊಸ ವಾದ್ಯಕ್ಕಾಗಿ ಮಕ್ಕಳು ವರ್ಷಕ್ಕೊಮ್ಮೆ ಸೋಪು ಮಾರುತ್ತಾರೆ. ಹಿಂದಿನ ಎರಡು ವರ್ಷ ಮಕ್ಕಳ ಕೈಗೆ ಪೆಟ್ಟಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಯಾರು ಕೊಂಡರು, ಯಾರು ಬಿಟ್ಟರು, ಕೇಳುವವರಿರಲಿಲ್ಲ. ಈ ವರ್ಷ ಟೀಚರ್ ಪದ್ಧತಿ ಬದಲಿಸಿದರು. ಮೊದಲು ಆರ್ಡರ್, ಆಮೇಲೆ ಸೋಪು. ಕೊಂಡವರ ಹೆಸರು ವಿಳಾಸ ಬರೆದ ಬಿಳಿ ಚೀಟಿ ಶಾಲೆಗೆ, ಅದರ ಗುಲಾಬಿ ನಕಲು ಕೊಂಡವರಿಗೆ. ಶನಿವಾರ ಮಕ್ಕಳೇ ಮನೆಮನೆಗೆ ಹೋಗಿ ಸೋಪು ಕೊಟ್ಟು ಥ್ಯಾಂಕ್ಸ್ ಹೇಳಿ ಬರಬೇಕು. ಮಾರಾಟ ಹೋದ ವರ್ಷದ ಮೂರರಷ್ಟಾಯಿತು. ಈಗ ಬಿಳಿ ಚೀಟಿಗಳ ಇಡೀ ಕಟ್ಟು ಸಂಗೀತದ ಕೋಣೆಯಿಂದ ಮಾಯವಾಗಿತ್ತು.

"ದುಡ್ಡು?"

"ನನ್ನ ಬೀರುವಿನಲ್ಲಿದೆ," ಎಂದರು ಹೆಡ್‌ಮಿಸ್. "ಟೀಚರ್ ಕೊಟ್ಟಷ್ಟು ಇದೆ."

ಆ 'ಕೊಟ್ಟಷ್ಟು' ಎಂಬುದರಲ್ಲಿ ಎಲ್ಲವೂ ಇತ್ತು. ಬಂದ ಹಣವನ್ನೆಲ್ಲ ಟೀಚರ್ ಒಪ್ಪಿಸಿಲ್ಲ, ಅದಕ್ಕೇ ಚೀಟಿಗಳು ಕಾಣೆಯಾಗಿವೆ ಎಂದು ಪೋಷಕರು ಬೆಳಿಗ್ಗೆ ಗೇಟಿನ ಬಳಿಯೇ ಗುಸುಗುಸು ಶುರುಮಾಡಿದ್ದರು. ಶನಿವಾರದೊಳಗೆ ಚೀಟಿ ಸಿಗದಿದ್ದರೆ ಅಂದು ಮಧ್ಯಾಹ್ನದ ಪೋಷಕರ ಸಭೆಯಲ್ಲಿ ಟೀಚರ್ ಬ್ಯಾಂಡ್ ಬಿಡಬೇಕು, ಬಹುಶಃ ಶಾಲೆಯನ್ನೂ.

"ಹನ್ನೊಂದು ವರ್ಷ ಆಯ್ತು ಸರ್ ಇಲ್ಲಿ," ಎಂದರು ಟೀಚರ್. "ಕಳ್ಳಿ ಅನ್ನಿಸ್ಕೊಂಡು ಹೋಗೋಕೆ ಆಗಲ್ಲ."

10.25ಕ್ಕೆ ಎಫ್‌ಐಆರ್ ದಾಖಲಾಯಿತು.

ಸಂಗೀತದ ಕೋಣೆಯ ಪಂಚನಾಮೆ 11.10ಕ್ಕೆ ಆರಂಭವಾಯಿತು. ಕಾವಲುಗಾರ ಮತ್ತು ಎದುರಿನ ಬೇಕರಿಯವನು ಪಂಚರು. ಕೋಣೆಯಲ್ಲಿ ಎತ್ತರಕ್ಕೆ ಪೇರಿಸಿದ ಸೋಪಿನ ಪೆಟ್ಟಿಗೆಗಳು, ಒಂದೂ ಕದಲಿಲ್ಲ. ಗೋಡೆಯ ಮೇಲೆ ಪ್ರತಿ ಮಗುವಿನ ಹೆಸರಿನ ಮುಂದೆ ತಂದ ಆರ್ಡರುಗಳ ಸಂಖ್ಯೆ ಬರೆದ ದೊಡ್ಡ ಹಾಳೆ. ಬಾಗಿಲಿನ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಬೀಗದ ಕೈ ಒಂದೇ, ಅದು ಟೀಚರ್ ಪರ್ಸಿನಲ್ಲಿ.

"ಆಯ್ತಲ್ಲ ಸರ್," ಎಕ್ಸ್‌ಪ್ರೆಸ್ ಮೆಲ್ಲಗೆ ಹೇಳಿದ. "ಕೈ ಇದ್ದೋರೇ ತೆಗೆದಿರೋದು."

ಇನ್‌ಸ್ಪೆಕ್ಟರ್ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದರು. "ಇಲ್ಲಿ ನೋಡು. ಚಿಲಕದ ಪಟ್ಟಿ."

ಪಟ್ಟಿಗೆ ನಾಲ್ಕು ಸ್ಕ್ರೂ. ಈ ಶಾಲೆಯಲ್ಲಿ ಬೇರೆ ಯಾವ ಬಾಗಿಲಿನ ಸ್ಕ್ರೂ ನೋಡಿದರೂ ತಲೆ ಕಿತ್ತು ಹಾಳಾಗಿತ್ತು. ಈ ನಾಲ್ಕರ ಸುತ್ತ ಮಾತ್ರ ಹಳೆಯ ಬಣ್ಣ ಹೊಸದಾಗಿ ಬಿರುಕು ಬಿಟ್ಟಿತ್ತು, ಆದರೆ ತಲೆಗೆ ಒಂದು ಗೀರೂ ಬಿದ್ದಿರಲಿಲ್ಲ. ನಾಲ್ಕರ ಸೀಳೂ ನೆಟ್ಟಗೆ ಮೇಲೆ-ಕೆಳಗೆ ನಿಂತಿತ್ತು. ಯಾರೋ ಬೀಗದ ತಂಟೆಗೆ ಹೋಗದೆ ಪಟ್ಟಿಯನ್ನೇ ಬಿಚ್ಚಿ, ಒಳಗೆ ಹೋಗಿ, ಬಂದು, ಮತ್ತೆ ಹಾಕಿದ್ದರು.

"ಕಳ್ಳ ಯಾಕೆ ಸರ್ ಇಷ್ಟು ನೀಟಾಗಿ ಹಾಕ್ತಾನೆ?"

"ಅವನಿಗೆ ಬೇರೆ ಥರ ಹಾಕೋಕೆ ಬರಲ್ಲ, ಅದಕ್ಕೆ."

ಫೋಟೋ ತೆಗೆಸಿದರು. ಇನ್ನುಳಿದದ್ದು ಚೀಟಿಗಳ ವಿಷಯ. ಬಿಳಿಯದು ಹೋದರೇನು, ಗುಲಾಬಿಯದು ಊರ ತುಂಬ ಇದೆಯಲ್ಲ ಎಂದು ಇನ್‌ಸ್ಪೆಕ್ಟರ್ ಹೆಡ್‌ಮಿಸ್‌ಗೆ ಹೇಳಿದರು. ಸೋಪಿಗೆ ದುಡ್ಡು ಕೊಟ್ಟವರೆಲ್ಲ ತಮ್ಮ ಗುಲಾಬಿ ಚೀಟಿಯನ್ನು ಶಾಲೆಗೆ ತಲುಪಿಸಬೇಕೆಂದು ಮಕ್ಕಳ ಮೂಲಕ ಸುದ್ದಿ ಹೋಯಿತು.

ಗುರುವಾರ ಸಂಜೆಯವರೆಗೆ ಚೀಟಿಗಳು ಬರುತ್ತಲೇ ಇದ್ದವು. ಕೆಲವು ಮಡಿಕೆಯಾಗಿ, ಕೆಲವು ಚಹಾ ಕಪ್ಪಿನ ಗುರುತು ಹೊತ್ತು. ಎಕ್ಸ್‌ಪ್ರೆಸ್ ಸಂಗೀತದ ಕೋಣೆಯಲ್ಲಿ ಕುಳಿತು ಒಂದೊಂದನ್ನೂ ಗೋಡೆಯ ಹಾಳೆಗೆ ಹೋಲಿಸಿದ. ನಿಧಾನದಲ್ಲಿ ಅವನನ್ನು ಮೀರಿಸುವವರಿಲ್ಲ, ತಪ್ಪಿಲ್ಲದಿರುವುದರಲ್ಲೂ ಇಲ್ಲ. ಮೂವತ್ತಮೂರು ಮಕ್ಕಳದ್ದು ಹೆಚ್ಚುಕಮ್ಮಿ ತಾಳೆಯಾಯಿತು. ಬೀರುವಿನಲ್ಲಿದ್ದ ಹಣವೂ ಹಾಳೆಯ ಲೆಕ್ಕಕ್ಕೆ ಸರಿಹೊಂದಿತು. ಟೀಚರ್ ಕದ್ದಿಲ್ಲ ಎಂಬುದು ಇನ್‌ಸ್ಪೆಕ್ಟರ್‌ಗೆ ಖಾತ್ರಿಯಾಯಿತು. ಆದರೆ ಪೋಷಕರ ಬಾಯಿ ಮುಚ್ಚಿಸಲು ಕದ್ದವರು ಬೇಕಿತ್ತು.

ಮೂವತ್ತನಾಲ್ಕನೆಯ ಮಗು ಏಳನೇ ತರಗತಿಯ ಒಬ್ಬ ಹುಡುಗಿ. ಹಾಳೆಯಲ್ಲಿ ಎಲ್ಲರಿಗಿಂತ ಮೇಲೆ, ಅರವತ್ತೊಂದು. ಬಂದ ಗುಲಾಬಿ ಚೀಟಿ ಒಂಬತ್ತು.

"ಈ ಐವತ್ತೆರಡು ಜನ ಎಲ್ಲಿ ಹೋದ್ರು?" ಎಂದ ಎಕ್ಸ್‌ಪ್ರೆಸ್.

ಶುಕ್ರವಾರ ಬೆಳಿಗ್ಗೆ 9.15ಕ್ಕೆ ಟೀಚರ್ ಎದುರಿನಲ್ಲಿ ಹುಡುಗಿಯ ವಿಚಾರಣೆ. ತೆಳ್ಳಗಿನ ಹುಡುಗಿ, ಎರಡು ಜಡೆ, ಕಣ್ಣು ಮಾತ್ರ ನೆಟ್ಟಗೆ ನೋಡುತ್ತಿದ್ದವು.

"ಪುಟ್ಟಿ, ಇಷ್ಟೊಂದು ಸೋಪು ಯಾರಿಗೆ ಮಾರಿದೆ?"

"ಅ... ಅ... ಅ..."

"ಅಪ್ಪ ಮಾರಿದ್ರಾ?" ಎಂದರು ಟೀಚರ್ ಪಾಪ, ಸಹಾಯಕ್ಕೆ.

ಇನ್‌ಸ್ಪೆಕ್ಟರ್ ಕೈ ಎತ್ತಿ ಟೀಚರನ್ನು ತಡೆದರು. ಅವಳು ಉಸಿರು ಎಳೆದುಕೊಂಡು ಮತ್ತೆ ಮೊದಲಿಂದ ಶುರುಮಾಡಿದಳು. ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದಳು. ಅಪ್ಪ ಆರ್ಡರ್ ಪುಸ್ತಕ ಅಂಗಡಿಗೆ ತೆಗೆದುಕೊಂಡು ಹೋಗಿ ಬಂದ ಗಿರಾಕಿಗಳಿಗೆ ಮಾರಿದರು, ಐವತ್ತೆರಡು. ಕೊನೆಯ ಶನಿವಾರ, ಭಾನುವಾರ ಅಪ್ಪ ಅಂಗಡಿಯಲ್ಲಿದ್ದಾಗ ತಾನೊಬ್ಬಳೇ ಹೋಗಿ ಒಂಬತ್ತು ಮನೆಗೆ ಮಾರಿದಳು. ಇದು ಅಪ್ಪನಿಗೆ ಗೊತ್ತಿಲ್ಲ.

"ಯಾಕೆ ಹೇಳಿಲ್ಲ?"

"ಶ... ಶನಿವಾರ ಹೇಳ್ತೀನಿ. ಸೋಪು ಕೊ... ಕೊಟ್ಟು ಬಂದ್ಮೇಲೆ."

"ಅಪ್ಪಂದು ಏನಂಗಡಿ?"

"ಗ... ಗಡಿಯಾರ ರಿಪೇರಿ."

ಇನ್‌ಸ್ಪೆಕ್ಟರ್ ಚಿಲಕದ ಸ್ಕ್ರೂಗಳ ಫೋಟೋ ಇನ್ನೊಮ್ಮೆ ತೆಗೆದು ನೋಡಿದರು. ಅವರಿಗೆ ಆ ಕ್ಷಣ ತಮ್ಮ ಕೆಲಸವೇ ಬೇಡವೆನ್ನಿಸಿತು. ಆಮೇಲೆ ಗೇಟಿನ ಪುಸ್ತಕ ತರಿಸಿದರು. ಮಂಗಳವಾರ ಮಧ್ಯಾಹ್ನ 3.05, ಹುಡುಗಿಯ ಅಪ್ಪನ ಸಹಿ, 'ವರಾಂಡದ ಗಡಿಯಾರ ರಿಪೇರಿ'. ಹೊರಟದ್ದು 3.50. ಆ ಹೊತ್ತಿಗೆ ಇಡೀ ಬ್ಯಾಂಡ್ ತಂಡ, ಟೀಚರ್ ಸಮೇತ, ಮೈದಾನದಲ್ಲಿ ಕಿವಿ ತೂತು ಬೀಳುವಂತೆ ಬಾರಿಸುತ್ತಿತ್ತು.

ಎಕ್ಸ್‌ಪ್ರೆಸ್‌ನನ್ನು ಒಂಬತ್ತು ಮನೆಗಳ ಹೇಳಿಕೆ ಬರೆದುಕೊಂಡು ಬರಲು ಕಳಿಸಿ, ಇನ್‌ಸ್ಪೆಕ್ಟರ್ ಶೋಧನಾ ವಾರಂಟ್ ಪಡೆದು ಮಧ್ಯಾಹ್ನ 2.30ಕ್ಕೆ ಇಬ್ಬರು ಪಂಚರೊಂದಿಗೆ ಅಂಗಡಿಗೆ ಹೋದರು.

ಅಂಗಡಿ ಅಂದರೆ ಮೆಟ್ಟಿಲ ಕೆಳಗಿನ ಗೂಡು. ಗಾಜಿನ ಮೇಜು, ಅದರ ಮೇಲೆ ಬಗ್ಗಿದ ದೀಪ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಐವತ್ತರ ಗಂಡಸು. ಗೋಡೆಯ ಗಡಿಯಾರಗಳ ಎಲ್ಲ ಸ್ಕ್ರೂಗಳ ಸೀಳೂ ನೆಟ್ಟಗೆ ಮೇಲೆ-ಕೆಳಗೆ. ಗಡಿಯಾರದಂಗಡಿಯಲ್ಲಿ ಎಣ್ಣೆ ವಾಸನೆ ಇರಬೇಕು. ಇಲ್ಲಿ ಸ್ನಾನದ ಮನೆಯ ವಾಸನೆ ಗಮ್ಮೆನ್ನುತ್ತಿತ್ತು.

"ಹಿಂದಿನ ಕೋಣೆ ತೆಗೀರಿ."

ಅವನು ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟ. ಎದ್ದು ಬಾಗಿಲು ತೆಗೆದ. ಹಿಂದಿನ ಕೋಣೆಯಲ್ಲಿ ನೆಲದಿಂದ ಸೂರಿನವರೆಗೆ ಹಿಂದಿನ ಎರಡು ವರ್ಷದ ಸೋಪಿನ ಪೆಟ್ಟಿಗೆಗಳು, ಒಂದೂ ಒಡೆದಿಲ್ಲ. ಮೇಜಿನ ಡ್ರಾಯರಿನಲ್ಲಿ ಐವತ್ತೆರಡು ಗುಲಾಬಿ ಚೀಟಿ. ಅವುಗಳ ಕೆಳಗೆ ಬಿಳಿ ಚೀಟಿಗಳ ಕಟ್ಟು. ಟೀಚರ್ ಕಟ್ಟಿದ ದಾರದ ಗಂಟನ್ನು ಯಾರೂ ಬಿಚ್ಚಿರಲಿಲ್ಲ. ಎಲ್ಲವನ್ನೂ ಜಪ್ತಿ ಮಾಡಿ 3.20ಕ್ಕೆ ಅವನನ್ನು ಬಂಧಿಸಲಾಯಿತು.

ಠಾಣೆಯಲ್ಲಿ ಹೇಳಿಕೆ.

"ಐವತ್ತೆರಡು ಹೆಸರು ಯಾರದ್ದು?"

"ನನ್ನ ಗಿರಾಕಿಗಳದ್ದು ಸರ್. ರಿಪೇರಿ ಪುಸ್ತಕ ನೋಡ್ಕೊಂಡು ಬರೆದೆ. ಅವರಿಗೇನೂ ಗೊತ್ತಿಲ್ಲ. ದುಡ್ಡು ನಾನೇ ಕಟ್ಟಿದೆ."

"ಮೊದಲ ಎರಡು ವರ್ಷಾನೂ?"

"ಹೂಂ. ಆಗ ಯಾರೂ ಹೆಸರು ಕೇಳ್ತಿರಲಿಲ್ಲ. ಈ ಸಲಾನೂ ಹಾಗೇ ಅಂದ್ಕೊಂಡೆ. ಮಕ್ಕಳೇ ಮನೆ ಬಾಗಿಲಿಗೆ ಹೋಗ್ಬೇಕು ಅಂತ ಸೋಮವಾರ ಗೊತ್ತಾಯ್ತು. ಅವಳು ಹೋಗಿ ಬಾಗಿಲು ತಟ್ತಾಳೆ, ನಾವೇನೂ ಕೊಂಡಿಲ್ಲ ಅಂತಾರೆ. ಐವತ್ತೆರಡು ಮನೆ ಸರ್. ಅವಳು ಅಲ್ಲಿ ನಿಂತ್ಕೊಂಡು ಏನಂತ ಹೇಳ್ತಾಳೆ?"

"ಅವಳ ಚೀಟಿ ಮಾತ್ರ ತಗೋಬಹುದಿತ್ತಲ್ಲ."

"ಟೀಚರ್ ಆಗಲೇ ಬೀದಿ ಪ್ರಕಾರ ಜೋಡಿಸಿಬಿಟ್ಟಿದ್ರು. ಯಾರದ್ದು ಯಾವುದು ಅಂತ ಹುಡುಕೋಕೆ ಹೊತ್ತಿರಲಿಲ್ಲ. ಕಟ್ಟನ್ನೇ ಎತ್ಕೊಂಡೆ. ಸುಟ್ಟುಬಿಡೋಣ ಅಂತಲೇ ತಂದಿದ್ದು. ಬೇರೆ ಮಕ್ಕಳ ಅಕ್ಷರ ಕಾಣಿಸ್ತು, ಕೈ ಬರಲಿಲ್ಲ."

"ಟೀಚರ್ ಮೇಲೆ ಕಳ್ಳತನದ ಅಪವಾದ ಬಂತು. ಗೊತ್ತಿತ್ತಾ?"

"ಗೊತ್ತಿತ್ತು." ಅವನು ತಲೆ ಎತ್ತಲಿಲ್ಲ. "ನಿದ್ದೆ ಬಂದಿಲ್ಲ ಸರ್."

"ಇದೆಲ್ಲ ಯಾತಕ್ಕೆ?"

ಹೆಚ್ಚು ಮಾರಿದ ಮಗು ಮುಂದಿನ ವರ್ಷ ಕೋಲು ಹಿಡಿದು ಬ್ಯಾಂಡಿನ ಮುಂದೆ ನಡೆಯುತ್ತದೆ, ಅದು ಶಾಲೆಯ ವಾಡಿಕೆ. "ಅಲ್ಲಿ ಮಾತಾಡೋ ಹಾಗಿಲ್ಲ ಸರ್. ಕೈ ಎತ್ತಿದ್ರೆ ಸಾಕು, ಎಲ್ಲರೂ ಕೇಳ್ತಾರೆ. ನನ್ನ ಅಂಗಡೀಲಿ ಅವಳು ಮಾತಾಡೋಕೆ ಶುರು ಮಾಡಿದ್ರೆ ಜನ ಗಡಿಯಾರ ನೋಡ್ಕೊಳ್ತಾರೆ. ಅವಳು ಬಾಗಿಲು ಬಾಗಿಲಿಗೆ ಹೋಗಿ ಮಾರ್ತಾಳೆ ಅಂತ ಹೇಗೆ ನಂಬಲಿ?"

ಅಷ್ಟರಲ್ಲಿ ಎಕ್ಸ್‌ಪ್ರೆಸ್ ಬಂದ. ಒಂಬತ್ತು ಮನೆಗೆ ಆರು ತಾಸು. ಯಾರೂ ಗೊಣಗಲಿಲ್ಲ. ಇನ್‌ಸ್ಪೆಕ್ಟರ್ ಅವನ ಕೈಯಿಂದ ಹಾಳೆಗಳನ್ನು ತೆಗೆದುಕೊಂಡು ಆರೋಪಿಯ ಮುಂದೆ ಇಟ್ಟರು.

"ನಿಮ್ಮ ಮಗಳು ಒಂಬತ್ತು ಮನೆಗೆ ಮಾರಿದ್ದಾಳೆ. ಒಬ್ಬಳೇ. ಓದಿ."

ಅವನು ಅಭ್ಯಾಸಬಲದಿಂದ ಜೇಬಿನಲ್ಲಿ ಭೂತಗನ್ನಡಿ ಹುಡುಕಿದ, ಸಿಗಲಿಲ್ಲ, ಹಾಳೆಯನ್ನು ದೂರ ಹಿಡಿದ. ಟೈಲರಮ್ಮನ ಹೇಳಿಕೆ: 'ಹುಡುಗಿ ಹೇಳುವುದಕ್ಕೆ ಬಹಳ ಹೊತ್ತು ಹಿಡಿಯಿತು. ಆಯಿತು ಕೊಡಮ್ಮ ಎಂದೆ. ಇಲ್ಲ, ಪೂರ್ತಿ ಕೇಳಿ ಎಂದಳು. ಪೂರ್ತಿ ಕೇಳಿದ ಮೇಲೆ ಎರಡು ಪೆಟ್ಟಿಗೆ ಬರೆಸಿದೆ.' ನಿವೃತ್ತ ಪೋಸ್ಟ್‌ಮ್ಯಾನ್ ಹೇಳಿಕೆ: 'ಬಾಗಿಲು ಹಾಕಿದೆ. ಮತ್ತೆ ಬೆಲ್ ಮಾಡಿದಳು. ನನ್ನ ಮಾತು ಇನ್ನೂ ಮುಗಿದಿಲ್ಲ ಎಂದಳು.'

ಒಂಬತ್ತನ್ನೂ ಓದಿದ. ಕೆಲವನ್ನು ಎರಡು ಸಲ ಓದಿದ. ಇನ್‌ಸ್ಪೆಕ್ಟರ್ ಆತುರಪಡಿಸಲಿಲ್ಲ.

"ಮನೇಲಿ ಅವಳು ಯಾವತ್ತೂ ಒಂದು ಮಾತು ಪೂರ್ತಿ ಮಾಡಿಲ್ಲ ಸರ್," ಎಂದ ಕೊನೆಗೆ. "ಪಾಪ ಕಷ್ಟಪಡ್ತಾಳೆ ಅಂತ ನಾನೇ ಮುಗಿಸ್ತಿದ್ದೆ."

ಹೇಳಿಕೆಯ ಕೊನೆಯಲ್ಲಿ ಆ ವಾಕ್ಯವನ್ನೂ ಬರೆದುಕೊಂಡು ಸಹಿ ಹಾಕಿಸಿದರು. ಹೆಡ್‌ಮಿಸ್‌ಗೆ ಫೋನ್ ಹೋಯಿತು. ಚೀಟಿಗಳ ಪ್ರತಿ ಮಾಡಿಸಿ ಶನಿವಾರದ ವಿತರಣೆಗೆ ಕೊಡಲಾಯಿತು. ಫೋನಿನ ಆ ಕಡೆ ಟೀಚರ್ ಅತ್ತರು. ಹೆಡ್‌ಮಿಸ್ ಅವರ ಬೆನ್ನು ಸವರುತ್ತಿದ್ದರೆಂದು ಆಮೇಲೆ ತಿಳಿಯಿತು.

5.40ಕ್ಕೆ ತಾಯಿ ಮಗಳನ್ನು ಕರೆದುಕೊಂಡು ಠಾಣೆಗೆ ಬಂದಳು. ಮರುದಿನ ಆರೋಪಿಯನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕಿತ್ತು. ಅದಕ್ಕೆ ಮುಂಚೆ ಮಗಳೊಂದಿಗೆ ಮಾತಾಡಲು ಅವನು ಅನುಮತಿ ಕೇಳಿದ. ಮಾಡಿದ್ದನ್ನೆಲ್ಲ ಅವನೇ ಹೇಳಿದ, ಒಂದನ್ನೂ ಬಿಡದೆ. ಹುಡುಗಿಯ ಮುಖ ಕೆಂಪಾಯಿತು. ಅವಳು ಬಾಯಿ ತೆರೆದಳು.

"ನ... ನ... ನ..."

ಅಪ್ಪನ ತುಟಿ ತಾನಾಗಿಯೇ ಅಲುಗಿತು. ಅವನು ಎರಡೂ ಕೈಯಿಂದ ಬೆಂಚಿನ ಅಂಚು ಹಿಡಿದುಕೊಂಡು ಸುಮ್ಮನಾದ.

ಇನ್‌ಸ್ಪೆಕ್ಟರ್ ಹೊರಗೆ ಬಂದು ಬಾಗಿಲು ಮುಂದೆ ಮಾಡಿಕೊಂಡರು. ಒಳಗೆ ಒಂದೇ ದನಿ ಕೇಳಿಸುತ್ತಿತ್ತು, ತಡೆತಡೆದು, ನಿಂತು, ಮತ್ತೆ ಮುಂದಕ್ಕೆ, ಸಿಟ್ಟಿನಲ್ಲಿ. ಠಾಣಾ ದಿನಚರಿಯಲ್ಲಿ ಹೀಗಿದೆ: 'ಆರೋಪಿಯ ಮಗಳು 5.46ರಿಂದ 6.10ರವರೆಗೆ ಮಾತನಾಡಿದಳು. ಆರೋಪಿ ನಡುವೆ ಮಾತನಾಡಲಿಲ್ಲ.'