ಅಣ್ಣಂದಿರ ಊಟ ಮುಗಿಯುವವರೆಗೆ

"ರೀ! ಸಾಯೋ ಆಸೆನಾ?"

ಸೈಕಲ್ಲಿನ ಕ್ಯಾರಿಯರನ್ನು ಯಾರೋ ಹಿಂದಿನಿಂದ ಎಳೆದು ಹಿಡಿದಿದ್ದರು. ಯೀಶಾನ್ ಸಿಟ್ಟಿನಿಂದ ತಿರುಗಿದಳು. ರೈಲು ಹೋಗಿಯಾಗಿತ್ತಲ್ಲ! ಗೇಟು ಏಳುವವರೆಗೆ ಕಾಯುವವರ ಪೈಕಿ ಅವಳಲ್ಲ.

"ಬಿಡ್ರೀ ಕೈ! ಯಾರ್ರೀ ನೀವು?"

ಅಷ್ಟರಲ್ಲಿ ಆಚೆ ಹಳಿಯ ಮೇಲೆ ಇನ್ನೊಂದು ರೈಲು ಕೂಗುತ್ತ ಹಾದುಹೋಯಿತು. ಅದರ ಗಾಳಿಗೆ ಅವಳ ಟೋಪಿ ಹಾರಿ ಚರಂಡಿಗೆ ಬಿತ್ತು.

ಹಿಡಿದಿದ್ದ ಯುವಕ ಕೈ ಬಿಡಲಿಲ್ಲ. ಅವನ ಬೆರಳುಗಳು ನಡುಗುತ್ತಿದ್ದವು.

ಥ್ಯಾಂಕ್ಸ್ ಹೇಳಬೇಕು... ಆದರೆ ಬಾಯಿಗೆ ಬಂದದ್ದೇ ಬೇರೆ.

"ಟೋಪಿ ಹೋಯ್ತು."

"ತಲೆ ಇದೆಯಲ್ಲ," ಅಂದ ಅವನು.

ತೈನಾನ್ ಊರಿನ ರೈಲ್ವೆ ಗೇಟಿನಲ್ಲಿ ಹೀಗೆ ಶುರುವಾಯಿತು. ಅವನ ಹೆಸರು ಬೋಯೆನ್. ಸೇತುವೆಗಳು ಗಟ್ಟಿಯಾಗಿವೆಯೇ ಎಂದು ಪರೀಕ್ಷಿಸುವ ಎಂಜಿನಿಯರು. ಅವಳು ಹಲ್ಲಿನ ಡಾಕ್ಟರ ಬಳಿ ನರ್ಸು. ಚಳಿಗಾಲವಿಡೀ ಇಬ್ಬರೂ ನದಿ ದಂಡೆಯ ಮೇಲೆ ಸೈಕಲ್ ತುಳಿದರು. ಅವಳು ಮುಂದೆ, ಅವನು ಹಿಂದೆ. ಬೇಸಗೆಯಲ್ಲಿ ಸೈಕಲ್ ಮೇಲೆ ತೈವಾನ್ ದ್ವೀಪವನ್ನೇ ಒಂದು ಸುತ್ತು ಹಾಕುವುದೆಂದು ನಿಶ್ಚಯಿಸಿದರು.

ಪ್ರೀತಿ ಎಂಬ ಮಾತನ್ನು ಇಬ್ಬರೂ ಆಡಿರಲಿಲ್ಲ. ದಾರಿಯಲ್ಲಿ ಎಲ್ಲಾದರೂ ಅವನು ಆಡುತ್ತಾನೆ ಎಂದು ಅವಳು ಕಾದಿದ್ದಳು. ಅವಳು ಕಾದದ್ದು ಅದೊಂದಕ್ಕೇ.

ಆದರೆ ಡಾಕ್ಟರು ರಜೆ ಕೊಟ್ಟದ್ದು ಅವರ ಪಂಚಾಂಗದ ಏಳನೇ ತಿಂಗಳಲ್ಲಿ. ಸತ್ತವರ ಲೋಕದ ಬಾಗಿಲು ತೆರೆದು, ದಿಕ್ಕಿಲ್ಲದ ಪ್ರೇತಗಳು ಊರೂರು ಅಲೆಯುವ ತಿಂಗಳು.

"ಈ ತಿಂಗಳು ಬೇಡ," ಅಂದ ಬೋಯೆನ್. "ನಮ್ಮಜ್ಜಿ ಒಪ್ಪಲ್ಲ. ಮುಂದಿನ ತಿಂಗಳು ಹೋಗೋಣ."

"ಎಂಜಿನಿಯರ್ ಸಾಹೇಬ್ರಿಗೆ ದೆವ್ವದ ಭಯಾನಾ?"

"ಯೀಶಾನ್, ಸ್ವಲ್ಪ ಕೇಳು..."

"ಮುಂದಿನ ತಿಂಗಳು ನಂಗೆ ಯಾರು ರಜೆ ಕೊಡ್ತಾರೆ? ಇಷ್ಟ ಇಲ್ಲ ಅಂದ್ರೆ ನೇರವಾಗಿ ಹೇಳು. ನಾನೊಬ್ಬಳೇ ಹೋಗ್ತೀನಿ!"

ಅವನು ಬಾಯಿ ತೆರೆಯುವ ಮೊದಲೇ ಅವಳು ಹೊರಟುಹೋಗಿದ್ದಳು.

ನನ್ನ ಜೊತೆ ಬರೋಕೆ ಇವನಿಗೆ ಮನಸ್ಸಿಲ್ಲ. ಅಜ್ಜಿ ಬರೀ ನೆಪ... ಅವನು ಎಷ್ಟು ಸಲ ಫೋನ್ ಮಾಡಿದರೂ ಅವಳು ಎತ್ತಲಿಲ್ಲ.

ಹೊರಡುವ ಹಿಂದಿನ ದಿನ, ಅವನಿಂದ ಎರವಲು ತಂದಿದ್ದ ಸೈಕಲ್ ಚೀಲ ವಾಪಸು ಕೊಡಲು ಅವನ ಮನೆಗೆ ಹೋದಳು. ಗಲ್ಲಿಯ ತುಂಬ ಮೇಜುಗಳು. ಪ್ರತಿ ಮನೆಯೂ ಪ್ರೇತಗಳಿಗೆ ಎಡೆ ಇಟ್ಟಿತ್ತು. ಬೋಯೆನ್‌ನ ಅಜ್ಜಿಯ ಮೇಜಿನ ಮೇಲೆ ಬೇಯಿಸಿದ ಕೋಳಿ, ಸೇಬು, ನೂಡಲ್ಸ್ ಪೊಟ್ಟಣ, ಬಿಯರ್ ಡಬ್ಬಿ. ಒಂದೊಂದಕ್ಕೂ ಒಂದೊಂದು ಊದುಬತ್ತಿ ಸಿಗಿಸುತ್ತಿದ್ದ ಬೋಯೆನ್.

"ಬಾ ಮಗಾ, ಕೂತ್ಕೋ," ಅಂದಳು ಅಜ್ಜಿ.

"ಕೂರಲ್ಲ ಅಜ್ಜಿ, ಬೆಳಿಗ್ಗೆ ಹೊರಡ್ಬೇಕು. ನೀವೇನೋ ದೆವ್ವಕ್ಕೆ ಹೆದರಿ ಇವನನ್ನ ಬಿಡ್ಲಿಲ್ಲ..."

"ಶ್ಶ್! ಹಾಗನ್ಬೇಡ, ಪಕ್ಕದಲ್ಲೇ ಕೂತು ಉಣ್ತಿರ್ತಾರೆ. ಒಳ್ಳೇ ಅಣ್ಣಂದಿರು ಅನ್ನು." ಅಜ್ಜಿ ಹುಬ್ಬು ಗಂಟಿಕ್ಕಿದಳು. "ಮತ್ತೆ, ನಾನ್ಯಾವಾಗ ಬಿಡಲ್ಲ ಅಂದೆ? ಎಡೆ ಇಟ್ಟಾದ್ಮೇಲೆ ಧಾರಾಳವಾಗಿ ಹೋಗಿ ಅಂದಿದ್ದೆ!"

ಯೀಶಾನ್ ಬೋಯೆನ್ ಕಡೆ ನೋಡಿದಳು. ಅವನ ಕಿವಿ ಕೆಂಪಾಗಿತ್ತು.

"ಸುಳ್ಳು ಹೇಳಿದ್ಯಾ?"

"ಹೂಂ."

"ಯಾಕೆ?"

"ಹೆದರಿಕೆ. ಅಣ್ಣಂದಿರದ್ದಲ್ಲ... ನಿಂದು. ದೀಪ ಹಸಿರಾಗೋಕೆ ಮುಂಚೆ ನುಗ್ತೀಯ. ಲಾರಿ ಮಗ್ಗುಲಲ್ಲೇ ತೂರ್ತೀಯ. ಪೂರ್ವದ ಘಾಟಿ ರಸ್ತೇಲಿ ನಿನ್ನ ಹಿಂದೆ ಕೂಗ್ತಾ ಬರೋಕೆ ನನ್ನಿಂದ ಆಗಲ್ಲ. ಒಂದು ತಿಂಗಳು ಸಿಕ್ಕಿದ್ರೆ ಇದನ್ನ ಹೇಗಾದ್ರೂ ಹೇಳ್ಬಹುದು ಅಂದ್ಕೊಂಡೆ."

"ಆಗಲೇ ಹೇಳ್ಬೇಕಿತ್ತು! ಪಾಪ, ಮುದುಕಿ ಹೆಸರು ಯಾಕೆ ಎಳೆದೆ?"

"ಯಾರೇ ಮುದುಕಿ?" ಅಂದಳು ಅಜ್ಜಿ.

"ನನ್ನ ಮಾತು ಮುಗಿಯೋ ತನಕ ನೀನು ಯಾವತ್ತು ನಿಂತಿದ್ದೀಯ?" ಅಂದ ಬೋಯೆನ್.

ಕೆನ್ನೆಗೆ ಹೊಡೆದ ಹಾಗಾಯಿತು. ಹೋಗಿಬಿಡಬೇಕು ಅನ್ನಿಸಿತು. ಹೋಗಲಿಲ್ಲ. ಕುರ್ಚಿ ಎಳೆದು ಕೂತಳು.

"ಹೇಳು. ಇವತ್ತು ಪೂರ್ತಿ ಹೇಳು."

ಅಜ್ಜಿ ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ಅಂಗೈಯಲ್ಲಿಟ್ಟುಕೊಂಡು, "ಊಟ ಆಯ್ತಾ ಅಣ್ಣಂದಿರಾ?" ಎಂದು ಕೇಳಿ ನೆಲಕ್ಕೆ ಹಾಕಿದಳು. ಒಂದು ಕವುಚಿ, ಒಂದು ಅಂಗಾತ ಬಿದ್ದರೆ ಆಯಿತೆಂದು ಅರ್ಥ. ಎರಡೂ ಕವುಚಿಬಿದ್ದವು.

"ಇನ್ನೂ ಉಣ್ತಿದ್ದಾರೆ. ಹಸಿದು ಬಂದವರು, ಅವಸರ ಮಾಡ್ಬಾರ್ದು." ಅಜ್ಜಿ ಹೊಸ ಊದುಬತ್ತಿ ಹಚ್ಚಿ ಒಳಗೆ ಹೋದಳು.

ಬೋಯೆನ್ ಶುರುಮಾಡಿದ. ನಿಲ್ಲಿಸಿದ. ಮತ್ತೆ ಶುರುಮಾಡಿದ. ಅವನ ವಾಕ್ಯವನ್ನು ತಾನೇ ಮುಗಿಸಿಬಿಡಲು ಯೀಶಾನ್‌ಳ ನಾಲಿಗೆ ತುರಿಸಿತು. ತುಟಿ ಕಚ್ಚಿ ಕೂತಳು. ಊದುಬತ್ತಿಯ ಬೂದಿ ಉದ್ದವಾಗಿ, ಬಾಗಿ, ಉದುರಿತು.

"ಗೇಟಿನ ಹತ್ರ ಆವತ್ತು... ನೀನು ಯಾರೋ. ಆದ್ರೂ ಕೈ ನಡುಗ್ತು. ಈಗ ನೀನು ಯಾರೋ ಅಲ್ಲ. ನಿಂಗೇನಾದ್ರೂ ಆದ್ರೆ... ನಾನು... ನಿನ್ನ ಪ್ರೀತಿಸ್ತೀನಿ ಯೀಶಾನ್."

ಅಜ್ಜಿ ಬಂದು ಮತ್ತೆ ತುಂಡುಗಳನ್ನು ಎತ್ತಿಕೊಂಡಳು. ಇನ್ನೂ ಆಗಿಲ್ಲ ಅನ್ನಲಿ... ಇನ್ನೊಂದು ಊದುಬತ್ತಿಯಷ್ಟು ಹೊತ್ತು! ಬದುಕಿನಲ್ಲಿ ಮೊದಲ ಸಲ ಅವಳು ತಡವಾಗಲೆಂದು ಬೇಡಿಕೊಂಡಳು.

ಒಂದು ಕವುಚಿ, ಒಂದು ಅಂಗಾತ.

"ಆಯ್ತು! ಏಳಿ, ಮೇಜು ಖಾಲಿ ಮಾಡಿ!"

ಇಬ್ಬರೂ ಏಳಲಿಲ್ಲ.

"ಬೆಳಿಗ್ಗೆ ಹೊರಡ್ತೀಯಾ?" ಅವನು ಮೆಲ್ಲಗೆ ಕೇಳಿದ.

"ಇಲ್ಲ. ಡಾಕ್ಟರ ಕೈಕಾಲು ಹಿಡಿದು ರಜೆ ಮುಂದಕ್ಕೆ ಹಾಕಿಸ್ತೀನಿ. ಆಗ್ಲಿಲ್ಲ ಅಂದ್ರೆ ಹೊಸ ವರ್ಷ ಕಳೀಲಿ." ಅವಳು ಮೇಜಿನ ಕೆಳಗೆ ಅವನ ಬೆರಳು ಹಿಡಿದಳು. "ಆದ್ರೆ ನೀನು ಮುಂದೆ ಹೋಗ್ಬೇಕು. ನಾನು ಹಿಂದೆ."

"ನಾನು ತುಂಬಾ ನಿಧಾನ ಕಣೇ..."

"ಗೊತ್ತು," ಅಂದಳು ಯೀಶಾನ್. "ನಿನ್ನ ಬೆನ್ನು ನೋಡ್ಕೊಂಡು ಬರ್ತೀನಿ."